ನಿಲ್ಲದ ಗಾಡಿಯ ನಿಸ್ವಾರ್ಥ ಸೇವೆ

ಗಾಡಿ ರಿಪೇರಿಯ ಬಾಬು ಮಿಸ್ತ್ರಿ ತನ್ನ ಅಕ್ಕನ ಮಗಳ ಮದುವೆಗೆಂದು ಸೊಲ್ಲಾಪುರಕ್ಕೆ ಹೋದ ಮರುದಿನ ಬೆಳಿಗ್ಗೆ ನಾನೊಂದು ಪ್ರತಿಜ್ಞೆ ಮಾಡಿದೆ. ಇನ್ನು ಮುಂದೆ ನನ್ನ ಗಾಡಿಯ ಮೈಗೆ ಪರರ ಕೈ ತಾಗಕೂಡದು! ಅದರ ರೋಗ ಹುಡುಕುವವನು ನಾನೇ, ಮದ್ದು ಹಾಕುವವನೂ ನಾನೇ.

ಪ್ರತಿಜ್ಞೆ ನಡೆದದ್ದು ಅಡುಗೆಮನೆಯ ಹೊಸ್ತಿಲಲ್ಲಿ. ಸಾಕ್ಷಿಗೆ ಇದ್ದವಳು ರೊಟ್ಟಿ ತಟ್ಟುತ್ತಿದ್ದ ನನ್ನ ಹೆಂಡತಿ ದುಂಡವ್ವ ಒಬ್ಬಳೇ. ಅವಳು ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, "ಮಿಸ್ತ್ರಿ ಎಂದ ಬರ್ತಾನ?" ಎಂದು ಕೇಳಿದಳು.

ಇದು ಅರವತ್ತರ ದಶಕದ ಆರಂಭದ ಮಾತು. ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಕಬ್ಬಿಣದ ಸಾಮಾನಿನ ಅಂಗಡಿ ಇತ್ತು. ಹಗ್ಗ, ಸರಪಳಿ, ಕೊಂಡಿ, ಸಲಿಕೆ, ಗುದ್ದಲಿ ಎಲ್ಲ ಸಿಗುತ್ತಿತ್ತು. ಒಂದು ದಿನ ಗಲ್ಲೆಯ ಮುಂದೆ ಕುಳಿತಿದ್ದಾಗ ಹೊಳೆಯಿತು: ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ಧಂದೆ ಶುರು ಮಾಡಬೇಕೆಂದರೆ ಹಗ್ಗ ನನ್ನದೇ, ಸರಪಳಿ ನನ್ನದೇ, ಕೊಂಡಿಯೂ ನನ್ನದೇ. ಮುಂದೆ ನಿಂತು ಎಳೆಯಲು ಒಂದು ಗಾಡಿ ಮಾತ್ರ ಬೇಕು. ಪುಣೆಗೆ ಹೋಗಿ ಅದನ್ನೂ ತಂದೆ.

ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಪಿಕಪ್ಪು ಅದು. ಯಾರೋ ಪುಣ್ಯಾತ್ಮ ಅದರ ಪೆಟ್ರೋಲು ಎಂಜಿನ್ನನ್ನು ಕಿತ್ತು ಡೀಸೆಲ್ ಎಂಜಿನ್ನು ಕೂರಿಸಿದ್ದ. ಗಾಡಿ ಹಳೆಯದೋ ಎಂಜಿನ್ನು ಹಳೆಯದೋ ಎಂಬುದನ್ನು ಬಾಬು ಮಿಸ್ತ್ರಿಯೂ ಹೇಳಲಾರ. ಎಳೆಯುವುದರಲ್ಲಿ ಮಾತ್ರ ಅದಕ್ಕೆ ಸಮನಿಲ್ಲ. ಲಾರಿ ಕಟ್ಟಿದರೂ ಎಳೆಯುತ್ತಿತ್ತು. ಸದ್ದೂ ಹಾಗೇ. ಚಾಲೂ ಮಾಡಿದರೆ ಬುರುಜಿನ ಮೇಲಿನ ತೋಪು ಹಾರಿಸಿದಂತಾಗುತ್ತಿದ್ದುದರಿಂದ ನಮ್ಮ ಓಣಿಯವರು ಅದನ್ನು 'ತೋಪು' ಎಂದೇ ಕರೆಯುತ್ತಿದ್ದರು. "ಬುರುಜಿನ ತೋಪರ ಸುಮ್ನ ಕುಂತೈತಿ" ಎಂಬುದು ದುಂಡವ್ವನ ಟಿಪ್ಪಣಿ.

ಈಚೆಗೆ ತೋಪಿಗೆ ಕಾಯಿಲೆ ಬಂದಿತ್ತು. ಬೆಳಿಗ್ಗೆ ಏಳಲು ಹಟ ಮಾಡುತ್ತಿತ್ತು. ಎದ್ದರೂ ಬಿಳಿ ಹೊಗೆ ಉಗುಳಿ, ಮುದುಕರಂತೆ ಕೆಮ್ಮಿ, ನಾಲ್ಕು ಮಾರು ಹೋಗಿ ಮತ್ತೆ ಮಲಗುತ್ತಿತ್ತು. ಡೀಸೆಲ್ ಎಣ್ಣೆಯ ದಾರಿಯಲ್ಲಿ ಹೊಲಸು ಕುಳಿತಿದೆ, ಮದುವೆ ಮುಗಿಸಿ ಬಂದು ತೆಗೆಯುತ್ತೇನೆ ಎಂದು ಬಾಬು ಹೇಳಿ ಹೋಗಿದ್ದ. ಬಾಬು ಕೆಲಸ ಮಾಡುವಾಗ ನಾನು ಪ್ರತಿಸಲ ಬೇವಿನ ನೆರಳಲ್ಲಿ ಖುರ್ಚಿ ಹಾಕಿಕೊಂಡು ನೋಡಿದವನು. ನೋಡಿ ನೋಡಿಯೇ ಅರ್ಧ ಮಿಸ್ತ್ರಿಯಾಗಿದ್ದೆ. ಉಳಿದರ್ಧ ಆ ದಿನ ಆಗಿಬಿಡುವವನಿದ್ದೆ.

ಮನೆಯಲ್ಲಿ ಆಗ ಒಂದು ಸೂಕ್ಷ್ಮ ಪರಿಸ್ಥಿತಿ ಇತ್ತು. ದುಂಡವ್ವನ ತಂಗಿ ರೇಣುಕವ್ವ, ತವರಿನಲ್ಲಿ ತಾಯಿ ಇಲ್ಲದ್ದರಿಂದ, ಬಾಣಂತನಕ್ಕೆ ನಮ್ಮಲ್ಲಿಗೇ ಬಂದಿದ್ದಳು. ಅವಳ ಕೂಸು ಹಗಲು ರಾತ್ರಿ ಎನ್ನದೆ ಅಳುವ ಜಾತಿಯದು. ಅದನ್ನು ಮಲಗಿಸುವುದೆಂದರೆ ಅಕ್ಕತಂಗಿಯರಿಬ್ಬರಿಗೂ ಒಂದು ದೊಡ್ಡ ಕಾರ್ಯಕ್ರಮ. ಬಾಣಂತಿಯ ಕೋಣೆಯ ಕಿಟಕಿ ಇದ್ದದ್ದು ಓಣಿಯ ಕಡೆಗೆ. ಗಾಡಿ ನಿಲ್ಲುತ್ತಿದ್ದದ್ದೂ ಆ ಕಿಟಕಿಯ ಕೆಳಗೇ.

ನಾನು ಅಂಗಿಯ ತೋಳು ಮಡಿಚಿ ಕೆಲಸಕ್ಕೆ ಇಳಿದೆ. ಎಣ್ಣೆ ಸೋಸುವ ಫಿಲ್ಟರನ್ನು ಬಿಚ್ಚಿ ಎಲ್ಲಿ ತೊಳೆಯಲಿ ಎಂದು ನೋಡಿದಾಗ ಕಟ್ಟೆಯ ಮೇಲೆ ಹಿಟ್ಟು ನಾದುವ ಪರಾತ ಕಂಡಿತು. ಅಗಲವಾಗಿತ್ತು, ಅಂಚು ಎತ್ತರವಾಗಿತ್ತು, ದೇವರೇ ಕಳಿಸಿದಂತಿತ್ತು. ಅದರಲ್ಲಿ ಡೀಸೆಲ್ ಸುರಿದು ಫಿಲ್ಟರನ್ನು ಅದ್ದಿ ತಿಕ್ಕಿದೆ. ಕಾಡಿಗೆಯಂಥ ರಾಡಿ ಬಂತು. ನನ್ನ ರೋಗಪರೀಕ್ಷೆ ಸರಿಯಾಗಿದೆಯೆಂದು ಹೆಮ್ಮೆಪಟ್ಟೆ. ಪರೀಕ್ಷೆ ಬಾಬುವಿನದೆಂಬುದು ಆ ಹೊತ್ತಿಗೆ ಮರೆತುಹೋಗಿತ್ತು.

ಆಮೇಲೆ ಗಾಳಿ ತೆಗೆಯುವ ಕೆಲಸ. ಎಣ್ಣೆಯ ದಾರಿಯಲ್ಲಿ ಒಂದಿಷ್ಟು ಗಾಳಿ ಉಳಿದರೂ ಡೀಸೆಲ್ ಎಂಜಿನ್ನು ಏಳುವುದಿಲ್ಲ. ತಿರುಪು ಸಡಿಲಿಸಿ, ಕೈಪಂಪು ಒತ್ತುತ್ತಾ, ನೊರೆ ಹೋಗಿ ಬರೀ ಎಣ್ಣೆ ಬರುವವರೆಗೆ ಕಾಯಬೇಕು. ನಾನು ಕಾದೆ. ಎಣ್ಣೆ ಬಂತು. ಬಂದದ್ದು ನೇರವಾಗಿ ನನ್ನ ಮೀಸೆಗೆ, ಅಲ್ಲಿಂದ ಹಗ್ಗದ ಮೇಲೆ ಒಣಗುತ್ತಿದ್ದ ಕೂಸಿನ ಬಟ್ಟೆಗಳಿಗೆ. ತಿರುಪು ಬಿಗಿದು, ಮೀಸೆ ಒರೆಸಿಕೊಂಡು, ಗಾಡಿ ಹತ್ತಿ ಚಾಲೂ ಮಾಡಿದೆ.

ಒಂದೇ ಏಟಿಗೆ ಎದ್ದಿತು! ಕೆಮ್ಮಿಲ್ಲ, ಬಿಳಿ ಹೊಗೆಯಿಲ್ಲ. ನಾನು ದುಂಡವ್ವನನ್ನು ಕೂಗಿ ಕರೆದು, ಎಂಜಿನ್ನಿನ ಸದ್ದು ಹೇಗೆ ಶ್ರುತಿಗೆ ಬಂದಿದೆ, ಸ್ವಲ್ಪ ಕಿವಿಗೊಟ್ಟು ಕೇಳು ಎಂದೆ.

"ಕಿವಿ ಕೊಡೂದೇನೈತಿ, ಅದ ತಾನ ಬಂದು ಬೀಳಾಕತ್ತೈತಿ" ಎಂದಳು ಅವಳು. "ಕೂಸು ಈಗರ ಮಲಗಿತ್ತು, ಎದ್ದು ಕುಂತೈತಿ. ಮೊದಲ ಬಂದ್ ಮಾಡ್ರಿ."

ಬಂದ್ ಮಾಡಲು ಹೋದೆ. ಇಲ್ಲಿ ಒಂದು ಮಾತು ಹೇಳಬೇಕು. ಪೆಟ್ರೋಲು ಗಾಡಿಯಾದರೆ ಚಾವಿ ತಿರುವಿದರೆ ನಿಲ್ಲುತ್ತದೆ. ನಮ್ಮ ತೋಪು ಹಾಗಲ್ಲ. ಅದಕ್ಕೊಂದು ತಂತಿ ಇತ್ತು. ಕೂತಲ್ಲಿಂದ ಗುಂಡಿ ಹಿಡಿದು ಎಳೆದರೆ ಒಳಗೆ ಒಂದು ಹಿಡಿಕೆ ಜಗ್ಗಿ, ಎಂಜಿನ್ನಿಗೆ ಹೋಗುವ ಎಣ್ಣೆ ನಿಂತು, ಗಾಡಿ ಸುಮ್ಮನಾಗುತ್ತಿತ್ತು. ನಾನು ಗುಂಡಿ ಹಿಡಿದು ಎಳೆದೆ. ಗುಂಡಿ ಬಂತು. ತಂತಿ ಬಂತು. ಎಳೆದಷ್ಟೂ ಬಂತು. ಕೊನೆಗೆ ಇಡೀ ತಂತಿ ನನ್ನ ಮಡಿಲಲ್ಲಿ ಸುರುಳಿ ಸುತ್ತಿ ಮಲಗಿತು. ಎಂಜಿನ್ನು ಮಾತ್ರ ಏನೂ ಆಗದವರಂತೆ ಓಡುತ್ತಲೇ ಇತ್ತು.

ಇಳಿದು ಮುಂದಿನ ಮುಚ್ಚಳ ಎತ್ತಿದೆ. ಬಾಬು ಇಂಥ ಹೊತ್ತಿನಲ್ಲಿ ಒಳಗೆ ಬೆರಳು ಹಾಕಿ ಏನನ್ನೋ ಒತ್ತುತ್ತಿದ್ದ. ಏನನ್ನು? ಅಲ್ಲಿ ಹಿಡಿಕೆಗಳು ಬೇಕಾದಷ್ಟಿದ್ದವು. ಒಂದನ್ನು ಆರಿಸಿ ಒತ್ತಿದೆ. ತೋಪು ಒಮ್ಮೆಲೇ ಅಬ್ಬರಿಸಿತು. ಬೇವಿನ ಮರದ ಕಾಗೆಗಳೆಲ್ಲ ಎದ್ದು ಹಾರಿದವು. ಎದುರುಮನೆಯ ಮುಮತಾಜ ಬಾಗಿಲು ತೆರೆದು ನೋಡಿ, ಮತ್ತೆ ಬಾಗಿಲು ಹಾಕಿಕೊಂಡಳು. ನಾನು ಕೈ ಹಿಂದಕ್ಕೆ ತೆಗೆದೆ. ಎಣ್ಣೆಯ ಕೊಳವೆಯನ್ನೇ ಬಿಚ್ಚಿಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಆಗತಾನೇ ನನ್ನ ಕೈಯಾರೆ ಬಿಗಿದದ್ದನ್ನು ಹೆಂಡತಿಯ ಎದುರು ನಾನೇ ಬಿಚ್ಚುವುದೇ? ಮನಸ್ಸು ಒಪ್ಪಲಿಲ್ಲ.

ಒಳಗೆ ಕೂಸು, ಹೊರಗೆ ಎಂಜಿನ್ನು. ಎರಡರಲ್ಲಿ ಯಾರೂ ಸೋಲುವ ಹಾಗೆ ಕಾಣಲಿಲ್ಲ. ಹೊಗೆ ಕಿಟಕಿಯಿಂದ ಬಾಣಂತಿಯ ಕೋಣೆಗೆ ನುಗ್ಗತೊಡಗಿದಾಗ ದುಂಡವ್ವ ಸೆರಗು ಮೂಗಿಗೆ ಹಿಡಿದು ಹೊರಗೆ ಬಂದಳು. ಕಟ್ಟೆಯ ಮೇಲಿನ ಪರಾತವನ್ನು ನೋಡಿದಳು. ಹಗ್ಗದ ಮೇಲಿನ ಬಟ್ಟೆಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಬಂದ್ ಆಗವಲ್ದೇನು?"

"ಆಗವಲ್ದು."

"ಟಾಕಿ ತುಂಬ ಎಣ್ಣಿ ಐತೇನು?"

ಹಿಂದಿನ ಸಂಜೆಯಷ್ಟೇ ಡಬ್ಬದಲ್ಲಿ ತರಿಸಿ ಕಂಠಮಟ್ಟ ತುಂಬಿಸಿದ್ದೆನೆಂದು ಒಪ್ಪಿಕೊಂಡೆ.

"ಹಂಗಾರ ಎಲ್ಲಿಗರ ಒಯ್ರಿ ಇದನ್ನ. ಎಣ್ಣಿ ತೀರೂತನಕ ಈ ಓಣಿ ಕಡೆ ಬರಬ್ಯಾಡ್ರಿ."

ಹೀಗೆ ನನ್ನ ವನವಾಸ ಆರಂಭವಾಯಿತು. ತಿಕೋಟಾ ದಾರಿ ಹಿಡಿದೆ. ಸುಮ್ಮನೆ ಓಡಿಸಿದರೆ ಅಷ್ಟೊಂದು ಎಣ್ಣೆ ಎಂದಿಗೆ ತೀರಬೇಕು? ಭಾರ ಎಳೆದರೆ ಈ ಗಾಡಿ ಎಣ್ಣೆಯನ್ನು ನೀರಿನಂತೆ ಕುಡಿಯುತ್ತದೆಂದು ಬಾಬು ಯಾವಾಗಲೂ ಗೊಣಗುತ್ತಿದ್ದದ್ದು ನೆನಪಾಯಿತು. ಆಹಾ! ಹಾಗಾದರೆ ಭಾರ ಹುಡುಕಬೇಕು. ತೊರವಿ ದಾಟುವಷ್ಟರಲ್ಲಿ ದೇವರು ಕಣ್ಣು ತೆರೆದ. ಹತ್ತಿ ತುಂಬಿದ ಲಾರಿಯೊಂದು ರಸ್ತೆಯ ಬದಿಗೆ ಕೆಟ್ಟು ನಿಂತಿತ್ತು. ಡ್ರೈವರು ಅದರ ನೆರಳಲ್ಲಿ ಟವೆಲು ಹಾಸಿ ಮಲಗಿದ್ದ. ನಾನೇ ಕೂಗಿ ಎಬ್ಬಿಸಿ, ಸರಪಳಿ ಕಟ್ಟು ಎಂದೆ. ಎಷ್ಟು ಕೊಡಬೇಕು ಎಂದು ಅವನು ಅನುಮಾನದಿಂದ ಕೇಳಿದ. ಏನೂ ಬೇಡ ಎಂದೆ. ಅವನ ಅನುಮಾನ ಇನ್ನೂ ಹೆಚ್ಚಾಯಿತು. ಆದರೂ ಕಟ್ಟಿದ.

ತಿಕೋಟಾದ ಚಹಾದಂಗಡಿಯ ಮುಂದೆ ಲಾರಿಯನ್ನು ಬಿಟ್ಟಾಗ ಜನ ಸೇರಿದರು. ಇಳಿದು ಚಹಾ ಕುಡಿಯಿರಿ ಎಂದು ಡ್ರೈವರು ಕೈಹಿಡಿದು ಎಳೆದ. ಇಳಿಯುವುದು ಹೇಗೆ? ನನ್ನ ಗಾಡಿಯ ಕೈಬ್ರೇಕು ಹೆಸರಿಗಷ್ಟೇ ಇತ್ತು. ಅಲ್ಲಿಯ ಇಳಿಜಾರಿನಲ್ಲಿ ಬ್ರೇಕಿನಿಂದ ಕಾಲು ತೆಗೆದರೆ ತೋಪು ತನ್ನಷ್ಟಕ್ಕೇ ಹೊರಡುವಂತಿತ್ತು. "ಇಳಿಯಾಕ ಟೈಮಿಲ್ಲಪಾ, ಇನ್ನೂ ಎಷ್ಟೋ ಕೆಲಸ ಐತಿ" ಎಂದೆ. ಹೇಳಿದ್ದು ನಿಜವೇ. ಮುಕ್ಕಾಲು ಟಾಕಿ ಕೆಲಸ ಬಾಕಿ ಇತ್ತು.

ಈ ಮಾತು ಒಬ್ಬರ ಕಿವಿಗೆ ಬಿತ್ತು. ಅವರು ತಿಕೋಟಾದ ಹಣಮಂತರಾಯರು. ಸುತ್ತಲಿನ ಹಳ್ಳಿಗಳಿಗೆಲ್ಲ ಹಿರಿಯರು, ಬಿಳಿ ಧೋತರ, ಕರಿಕೋಟು, ಕೈಯಲ್ಲಿ ಕೊಡೆ. ಒಳ್ಳೆಯ ಮನುಷ್ಯ. ಭಾಷಣ ಮಾಡುವ ಅವಕಾಶ ಕಂಡರೆ ಮಾತ್ರ ಬಿಡುವವರಲ್ಲ. ಅವರು ನನ್ನ ಬಳಿ ಬಂದು, ಲಾರಿ ಎಳೆದು ತಂದು ಬಿಡಿಗಾಸೂ ಮುಟ್ಟಲಿಲ್ಲವೆಂಬುದು ಹೌದೇ ಎಂದು ವಿಚಾರಿಸಿದರು. ಹೌದೆಂದೆ. ಘೋಣಸಗಿಯ ಹೊಸ ಶಾಲೆಯ ಛಾವಣಿಗೆ ತಂದ ಕಬ್ಬಿಣದ ತೊಲೆಗಳು ಟ್ರೇಲರಿನ ಮೇಲೆ ಊರ ಮುಂದೆ ಬಿದ್ದುಕೊಂಡಿವೆ, ಎತ್ತುಗಳಿಂದ ಆಗಲಿಲ್ಲ, ನಿಮ್ಮಂಥವರು ಮನಸ್ಸು ಮಾಡಿದರೆ ಎಂದು ತುಸು ಸಂಕೋಚದಿಂದ ಹೇಳಿದರು.

"ಭಾಳ ವಜ್ಜಾ ಐತೇನ್ರಿ?" ಎಂದು ಕೇಳಿದೆ.

"ಭಾಳ ಐತ್ರಿ" ಎಂದರು ಅವರು ಮುಖ ಸಣ್ಣದು ಮಾಡಿಕೊಂಡು.

"ಹಂಗಾರ ಲಗೂನ ಕಟ್ಟಸ್ರಿ" ಎಂದೆ.

ಹಣಮಂತರಾಯರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಆಮೇಲೆ ಕೊಡೆ ಮಡಿಚಿ ನನ್ನ ಪಕ್ಕದಲ್ಲಿ ಹತ್ತಿ ಕುಳಿತರು. ಆ ದಿನ ಪೂರ್ತಿ ಅವರು ನನ್ನನ್ನು ಬಿಡಲಿಲ್ಲ.

ಘೋಣಸಗಿಯಲ್ಲಿ ತೊಲೆ ಇಳಿಸುವವರೆಗೂ ನಾನು ಬ್ರೇಕಿನ ಮೇಲೆ ಕಾಲಿಟ್ಟು ಕುಳಿತೇ ಇದ್ದೆ. ಊರವರು ಊಟಕ್ಕೆ ಕರೆದರು. ನಾನು ಒಲ್ಲೆನೆಂದಾಗ ರೊಟ್ಟಿ, ಗುರೆಳ್ಳು ಚಟ್ನಿ, ಬದನೆಕಾಯಿ ಪಲ್ಯವನ್ನು ಗಾಡಿಗೇ ತಂದುಕೊಟ್ಟರು. ಒಂದು ಕೈಯಲ್ಲಿ ಸ್ಟೇರಿಂಗು, ಒಂದು ಕೈಯಲ್ಲಿ ರೊಟ್ಟಿ. ಒಬ್ಬ ಮುದುಕಿ ನನ್ನನ್ನು ನೋಡಿ ಕಣ್ಣೊರೆಸಿಕೊಂಡಳು. ಅದು ಭಕ್ತಿಯಿಂದಲೋ ತೋಪಿನ ಹೊಗೆಯಿಂದಲೋ ನನಗೆ ಗೊತ್ತಾಗಲಿಲ್ಲ. ಹಣಮಂತರಾಯರು ಮಾತ್ರ ಭಕ್ತಿಯೆಂದೇ ತಿಳಿದರು.

ಅಲ್ಲಿಂದ ಕಳ್ಳಕವಟಗಿ. ಹಳ್ಳದ ಉಸುಕಿನಲ್ಲಿ ಒಂದು ಟ್ರ್ಯಾಕ್ಟರು ಹುಗಿದುಕೊಂಡಿದೆಯೆಂದು ಯಾರೋ ಹೇಳಿದ್ದೇ ತಡ, ನಾನೇ ಗಾಡಿ ತಿರುವಿದೆ. ಟ್ರ್ಯಾಕ್ಟರಿನ ಮಾಲೀಕ ಕೇಳುವ ಮೊದಲೇ ಸರಪಳಿ ಎಸೆದೆ. ಇಷ್ಟೆಲ್ಲ ಎಳೆದರೂ ಎಣ್ಣೆ ತೋರಿಸುವ ಮುಳ್ಳು ಬೆಳಗಿನ ಜಾಗ ಬಿಟ್ಟು ಕದಲಿರಲಿಲ್ಲ. ಬೆರಳಿನಿಂದ ಅದರ ಗಾಜನ್ನು ತಟ್ಟಿ ನೋಡಿದೆ. ಆ ಮುಳ್ಳು ಅಲ್ಲಾಡುವುದನ್ನು ಬಿಟ್ಟು ಎಷ್ಟೋ ತಿಂಗಳಾಗಿತ್ತೆಂಬುದು ಆಮೇಲೆ ನೆನಪಾಯಿತು. ಅಂದರೆ ಟಾಕಿಯಲ್ಲಿ ಎಣ್ಣೆ ಎಷ್ಟಿದೆಯೆಂಬುದು ನನಗೂ ಗೊತ್ತಿರಲಿಲ್ಲ, ಗಾಡಿಗೂ ಗೊತ್ತಿರಲಿಲ್ಲ.

ಬಬಲೇಶ್ವರ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ದಾರಿಯಲ್ಲಿ ಬಸ್ಸೊಂದು ನಿಂತಿತ್ತು. ಮಂದಿಯೆಲ್ಲ ಕೆಳಗಿಳಿದು ಜಾಲಿಯ ನೆರಳು ಹುಡುಕುತ್ತಿದ್ದರು. ನಾನು ಬಸ್ಸಿನ ಮುಂದೆ ತೋಪನ್ನು ತಂದು ನಿಲ್ಲಿಸಿದೆ. ಎಲ್ಲರೂ ಹತ್ತಿ ಕುಳಿತರೆ ಎಳೆಯಲು ಭಾರವಾಗುತ್ತದೆ, ಗಂಡಸರು ನಡೆದು ಬರಲಿ ಎಂದು ಬಸ್ಸಿನ ಡ್ರೈವರು ನ್ಯಾಯದ ಮಾತು ಹೇಳಿದ. ನಾನು ಒಪ್ಪಲೇ ಇಲ್ಲ. ಒಬ್ಬರೂ ನಡೆಯಕೂಡದು, ಎಲ್ಲರೂ ಹತ್ತಿರಿ, ಗಂಟುಮೂಟೆಯನ್ನೂ ಹೇರಿರಿ ಎಂದೆ. ಜನ ಜೈಕಾರ ಹಾಕಿದರು. ಪಕ್ಕದಲ್ಲಿ ಹಣಮಂತರಾಯರು ಏನನ್ನೋ ಗುಣುಗುಣಿಸುತ್ತಿದ್ದರು. ಭಾಷಣ ಜೋಡಿಸುತ್ತಿದ್ದಾರೆಂದು ನನಗೆ ಆಗ ತಿಳಿಯಲಿಲ್ಲ.

ಬಬಲೇಶ್ವರದ ಪೇಟೆಯಲ್ಲಿ ಬಸ್ಸನ್ನು ಬಿಚ್ಚಿದೆವು. ಇಳಿದವರು, ನೋಡಬಂದವರು ಎಲ್ಲ ಸೇರಿ ಒಂದು ಸಭೆಯೇ ಆಯಿತು. ಯಾರೋ ಓಡಿಹೋಗಿ ಚೆಂಡುಹೂವಿನ ಮಾಲೆ ತಂದರು. ಹಣಮಂತರಾಯರು ತೋಪಿನ ಹಿಂದೆ ಸಾಮಾನು ಹೇರುವ ಜಾಗದಲ್ಲಿ ಹತ್ತಿ ನಿಂತು, ಎಂಜಿನ್ನಿನ ಸದ್ದನ್ನು ಮೀರಿಸಿ ಮಾತಾಡಿದರು. ಈ ಶಂಕ್ರೆಪ್ಪನವರು ಬೆಳಗಿನಿಂದ ನೆಲಕ್ಕೆ ಕಾಲಿಟ್ಟಿಲ್ಲ, ಕುಳಿತಲ್ಲೇ ಉಂಡಿದ್ದಾರೆ, ಯಾರಿಂದಲೂ ಏನೂ ಮುಟ್ಟಿಲ್ಲ ಎಂದರು. ಕೊನೆಗೆ ನನ್ನ ಕಡೆ ಕೈ ತೋರಿಸಿ, "ಗಾಡಿ ಸೈತ ಬಂದ್ ಮಾಡಿಲ್ರಿ ಈ ಮನಷ್ಯಾ. ಬಂದ್ ಮಾಡಿ ಮತ್ತ ಚಾಲೂ ಮಾಡೂದರಾಗ ಯಾರಿಗರ ತಡಾ ಆದೀತು ಅಂತ ಕಾಳಜಿ" ಎಂದರು.

ಚಪ್ಪಾಳೆ ಬಿತ್ತು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೂ ಹಾಗೇ ಅನಿಸತೊಡಗಿತ್ತು. ಬೆಳಿಗ್ಗೆ ಮನೆಯಿಂದ ಹೊರಟದ್ದೇ ಜನಸೇವೆಗೆಂದು ನಾನು ಮುಕ್ಕಾಲು ಪಾಲು ನಂಬಿದ್ದೆ. ತಂತಿಯ ಸುರುಳಿಯನ್ನು ಕಾಲಿನಿಂದ ಸೀಟಿನ ಕೆಳಗೆ ತಳ್ಳಿದೆ.

ಮಾಲೆ ಹಾಕಿದ ಮೇಲೆ ನಾನೂ ಎರಡು ಮಾತಾಡಬೇಕೆಂದು ಒತ್ತಾಯ ಬಂತು. ಬಾಯಿ ತೆರೆದೆ. ಯಾರಿಗೂ ಕೇಳಿಸಲಿಲ್ಲ. ಮುಂದೆ ನಿಂತವರು ಕೈ ಮುಗಿದು, ಒಂದು ಕ್ಷಣ ಎಂಜಿನ್ನು ಬಂದ್ ಮಾಡಿ, ನಿಮ್ಮ ಮಾತು ಕೇಳಬೇಕಾಗಿದೆ ಎಂದರು. ಹಿಂದಿನವರೂ ಬಂದ್, ಬಂದ್ ಎಂದರು. ಇಡೀ ಪೇಟೆ ನನ್ನ ಬೆರಳಿನ ಕಡೆ ನೋಡುತ್ತಿತ್ತು. ಬೆವರು ಮಾಲೆಯ ಒಳಗೆ ಇಳಿಯಿತು. ಏನು ಹೇಳಲಿ?

"ಮಾತಾಡೂದು ನನ್ನ ಕೆಲಸಲ್ರಿ" ಎಂದು ಕೂಗಿದೆ. "ಗಾಡಿ ಮಾತಾಡಾಕತ್ತೈತಿ, ಅದನ್ನ ಕೇಳ್ರಿ."

ಮತ್ತೆ ಚಪ್ಪಾಳೆ. ಇಂಥ ವಿನಯವನ್ನು ಬಬಲೇಶ್ವರ ಎಂದೂ ಕಂಡಿರಲಿಕ್ಕಿಲ್ಲ. ಹಣಮಂತರಾಯರು ಕೆಳಗಿಳಿದರು. ತಮಗೂ ವಿಜಾಪುರದಲ್ಲಿ ಕೆಲಸವಿದೆ, ಇಂಥ ಗಂಡನನ್ನು ಪಡೆದ ತಾಯಿಯನ್ನು ಕಂಡು ಎರಡು ಮಾತು ಹೇಳದೆ ತಾವು ಊರಿಗೆ ಮರಳುವುದಿಲ್ಲ ಎಂದು ಮತ್ತೆ ನನ್ನ ಪಕ್ಕಕ್ಕೆ ಬಂದು ಕುಳಿತರು. ಬೇಡವೆನ್ನಲು ನಾನು ಬೇಕಾದಷ್ಟು ಕಾರಣ ಹೇಳಿದೆ. ಸದ್ದಿನಲ್ಲಿ ಅವರಿಗೆ ಒಂದೂ ಕೇಳಿಸಲಿಲ್ಲ.

ಹೊತ್ತು ಇಳಿಯುವಾಗ ನಮ್ಮ ಓಣಿ ಮುಟ್ಟಿದೆವು. ಎಣ್ಣೆ ತೀರಿರಲಿಲ್ಲ. ದುಂಡವ್ವ ಕಟ್ಟೆಯ ಮೇಲೆ ಕುಳಿತು ಬೂದಿ ಹಚ್ಚಿ ಪರಾತ ತಿಕ್ಕುತ್ತಿದ್ದಳು. ಅದು ಎಷ್ಟನೆಯ ಸಲವೋ ನಾನು ಕೇಳಲಿಲ್ಲ. ಕುತ್ತಿಗೆಯಲ್ಲಿ ಮಾಲೆ ಹಾಕಿಕೊಂಡು, ಮೀಸೆಯಲ್ಲಿ ಎಣ್ಣೆ ಇಟ್ಟುಕೊಂಡು ಗಾಡಿಯಲ್ಲೇ ಕುಳಿತಿದ್ದ ಗಂಡನನ್ನು ಅವಳು ಒಮ್ಮೆ ನೋಡಿದಳು. ಹಣಮಂತರಾಯರು ಇಳಿದು ಕೈ ಮುಗಿದರು. ಹಿರಿಯರೆಂದು ಅವಳೂ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತಳು.

ಅವರು ಲಾರಿಯಿಂದ ಶುರು ಮಾಡಿ ಬಸ್ಸಿನವರೆಗೆ ಒಂದನ್ನೂ ಬಿಡದೆ ಹೇಳಿದರು. ನಾನು ಗೇರಿನಲ್ಲಿ ಹಾಕಿ, ಬಲಗಾಲು ಬ್ರೇಕಿನ ಮೇಲಿಟ್ಟು, ಎಡಗಾಲಿನಿಂದ ಕ್ಲಚ್ಚು ಒತ್ತಿ ಹಿಡಿದು, ಅವರ ಮಾತು ಮುಗಿದ ಕೂಡಲೇ ಅಲ್ಲಿಂದ ಪಾರಾಗಲು ಸಿದ್ಧನಾಗಿ ಕುಳಿತಿದ್ದೆ. ಗಾಡಿಯನ್ನು ಒಮ್ಮೆಯೂ ಬಂದ್ ಮಾಡಲಿಲ್ಲವೆಂಬ ಮಾತಿಗೆ ಬಂದಾಗ ಹಣಮಂತರಾಯರು ಕನ್ನಡಕ ತೆಗೆದು ಒರೆಸಿಕೊಂಡರು.

ದುಂಡವ್ವ ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡಳು. ಆಮೇಲೆ ಅವರನ್ನು ದಾಟಿ ಗಾಡಿಯ ಕಿಟಕಿಗೆ ಬಂದಳು.

"ಅಲ್ರಿ, ದಿನಾ ಈ ಓಣ್ಯಾಗ ಹೊಳ್ಳಿಸೂವಾಗ ಗಪ್ಪನ ಕ್ಲಚ್ಚು ಬಿಟ್ಟು ಮೂರ ಮೂರ ಸಲ ಬಂದ್ ಬೀಳಸ್ತೀರಿ. ಮಿಸ್ತ್ರಿ ಬೈದು ಬೈದು ಸಾಕಾಗ್ಯಾನ. ಇವತ್ತೊಂದಿನ ಅದೂ ಬರಲಿಲ್ಲೇನು ನಿಮಗ?"

ನನ್ನ ಎಡಗಾಲು ತಾನಾಗಿಯೇ ಕ್ಲಚ್ಚಿನಿಂದ ಜಾರಿತು. ತೋಪು ಕಪ್ಪೆಯಂತೆ ಒಮ್ಮೆ ಜಿಗಿಯಿತು, ಬ್ರೇಕಿಗೆ ಮುಗ್ಗರಿಸಿತು, ಗಕ್ಕನೆ ನಿಂತಿತು.

ಎಂಥ ನಿಶ್ಶಬ್ದ! ಬೆಳಗಿನಿಂದ ಅಂಥದೊಂದು ಲೋಕದಲ್ಲಿ ಇದೆಯೆಂಬುದೇ ಮರೆತುಹೋಗಿತ್ತು. ಬೇವಿನ ಎಲೆ ಬಿದ್ದರೂ ಕೇಳಿಸುವಂತಿತ್ತು. ಇಡೀ ದಿನ, ನಾಲ್ಕು ಊರು ಸುತ್ತಿ, ಹಿಂದೆ ಅಷ್ಟೊಂದು ಭಾರ ಕಟ್ಟಿಕೊಂಡು, ಸರಪಳಿ ಹರಿದೀತೆಂಬ ಹೆದರಿಕೆಯಿಂದ ನಾನು ಜೀವಮಾನದಲ್ಲೇ ಮೊದಲ ಸಲ ಕ್ಲಚ್ಚನ್ನು ಹೂವಿನಂತೆ ನಾಜೂಕಾಗಿ ಬಿಟ್ಟಿದ್ದೆ.

ಹಣಮಂತರಾಯರು ನನ್ನನ್ನು ನೋಡಿದರು, ದುಂಡವ್ವನನ್ನು ನೋಡಿದರು. ಅವರ ಮುಖದ ಮೇಲೆ ಒಂದೊಂದೇ ಗಂಟು ಬಿಚ್ಚಿಕೊಳ್ಳುತ್ತಿರುವುದು ಕಾಣುತ್ತಿತ್ತು.

"ಹಂಗಾರ ತಾಯಿ, ಘೋಣಸಗಿಗೆ ತೊಲಿ ಎಳದದ್ದು?" ಎಂದು ಮೆಲ್ಲಗೆ ಕೇಳಿದರು.

"ಎಣ್ಣಿ ತೀರಸಾಕ್ರಿ" ಎಂದಳು ದುಂಡವ್ವ.

ಅವರು ಬೈಯುತ್ತಾರೆಂದು ನಾನು ಕಾದೆ. ಮಾಲೆಯನ್ನು ಕಿತ್ತುಕೊಂಡರೂ ನಾನು ಕೊಡುವವನೇ. ಅವರು ಕೊಡೆಯ ಮೇಲೆ ಗದ್ದವೂರಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಆಮೇಲೆ ಗಾಡಿಯ ಬಳಿ ಬಂದು, ಬಹಳ ಗೌರವದಿಂದ ನನ್ನ ಭುಜದ ಮೇಲೆ ಕೈಯಿಟ್ಟರು.

"ಶಂಕ್ರೆಪ್ಪನವರ, ಹಳ್ಳ್ಯಾಗ ಇನ್ನೂ ಎಳಿಯೂದು ಭಾಳ ಐತ್ರಿ. ಟಾಕಿ ನಾವ ತುಂಬಸ್ತೀವಿ, ನಾಳೆ ಮತ್ತ ಬರ್ರಿ. ಬಂದ್ ಮಾಡೂದೊಂದು ಮಾತ್ರ ಕಲೀಬ್ಯಾಡ್ರಿ."